ಫ್ಲಾಪಿ ತಟ್ಟೆಯ ಇತಿಹಾಸವು

ಪೀಠಿಕೆ

ವಿಚಾರಗಳು ಬಾಯಿಂದ ಹೊರಟು ಗಾಳಿಯಲ್ಲಿ ಲೀನವಾಗಿ ಹೋಗಬಾರದೆಂದು ಮನುಷ್ಯನು ಪುರಾತನಕಾಲದಿಂದಲೂ ನಾನಾ ಪ್ರಕಾರದ ಲೇಖನಸಾಧನಗಳನ್ನು ಕಲ್ಪಿಸುತ್ತ ಬಂದಿರುವನು. ನಮ್ಮ ನಾಡಿನ ಮಟ್ಟಿಗೆ ನೋಡಿದರೆ ಶಿಲೆ, ತಾಮ್ರಪಟ, ತಾಡವೋಲೆ, ಕಡತ, ಕಾಗದ ಇವುಗಳು ಆಯಾ ಕಾಲದ ಅವಶ್ಯಕತೆಗೆ ತಕ್ಕಂತೆ ಬಳಕೆಯಲ್ಲಿ ಬಂದವು. ಶಿಲೆಯು ಚಿರಕಾಲ ಬಾಳುವದು. ಆದರೆ ಅದನ್ನು ಒಂದೂರಿನಿಂದ ಇನ್ನೊಂದೂರಿಗೆ ಒಯ್ಯುವದು ಕಷ್ಟ. ಓಲೆಯು ಹಗುರವಾದುದು, ಆದರೆ ಹುಳುವಿಗೂ ತೇವಕ್ಕೂ ಅಂಜಬೇಕು. ಕಡತದ ಮೇಲಿನ ಬರಹವನ್ನು ಅಳಿಸಿ ಮತ್ತೆ ಬರೆಯಬಹುದು. ಅಳಿಸಲು ಬರುವದೇ ಅದರ ಅಪಾಯವೂ ಆಗಿರುವದು. ಹೀಗೆ ಪ್ರತಿಯೊಂದು ಸಾಧನಕ್ಕೂ ಅದರದೇ ಆದ ಗುಣವೂ ಅದರದೇ ಆದ ದೋಷವೂ ಕೂಡಿಯೇ ಬಂದಿರುತ್ತವೆ.

ಇದೇ ಪರಂಪರೆಯಲ್ಲಿ 20ನೆಯ ಶತಮಾನದ ಉತ್ತರಾರ್ಧದಲ್ಲಿ ಹುಟ್ಟಿ, ಸುಮಾರು 40 ವರ್ಷಗಳ ಪರ್ಯಂತ ಜಗತ್ತಿನ ಕಚೇರಿ, ಪಾಠಶಾಲೆ, ಮುದ್ರಣಾಲಯಗಳಲ್ಲೆಲ್ಲ ಸಂಚರಿಸಿ, ಬಳಿಕ ಮರೆಯಾದ ಸಾಧನವೊಂದುಂಟು. ಅದುವೇ ಗಣಕಯಂತ್ರದ ಫ್ಲಾಪಿ ತಟ್ಟೆಯು. ಇಂದಿನ ಬಾಲಕರು ಅದನ್ನು ಕಣ್ಣಿಂದ ಕಂಡವರಲ್ಲ. ಆದರೂ ಗಣಕಯಂತ್ರದಲ್ಲಿ ಬರೆದುದನ್ನು ಕಾದಿಡಬೇಕಾದಾಗ ಅವರು ಒತ್ತುವ ಗುರುತಿನಲ್ಲಿ ಅನೇಕ ಕಡೆಗೆ ಈಗಲೂ ಇರುವ ಚಿತ್ರವು ಈ ತಟ್ಟೆಯದೇ ಆಗಿರುವದು. ಅದರ ಇತಿಹಾಸವನ್ನು ಸಂಗ್ರಹವಾಗಿ ನಿರೂಪಿಸಿ, ಅದರಿಂದ ಲೇಖನಸಂರಕ್ಷಣೆಯ ವಿಷಯದಲ್ಲಿ ನಾವು ತಿಳಿಯತಕ್ಕದ್ದೇನೆಂಬುದನ್ನು ವಿಚಾರಿಸುವದೇ ಪ್ರಸ್ತುತ ಲೇಖನದ ಉದ್ದೇಶವು.

ಉತ್ಪತ್ತಿಗೆ ಕಾರಣವು

ಫ್ಲಾಪಿಯು ಮೊದಲಿಗೆ ಜನರ ಬರಹಗಳನ್ನು ಕಾಪಾಡುವದಕ್ಕಾಗಿ ಹುಟ್ಟಿದುದಲ್ಲ. ಅಮೇರಿಕೆಯ ಐಬಿಎಂ ಎಂಬ ಸಂಸ್ಥೆಯು ಸಿಸ್ಟಂ/370 ಎಂಬ ದೊಡ್ಡ ಗಣಕಯಂತ್ರಗಳ ಮಾಲೆಯನ್ನು 1970ರಲ್ಲಿ ಪ್ರಕಟಿಸಿತು. ಈ ಮಾಲೆಯ ಕೆಲವು ಯಂತ್ರಗಳಲ್ಲಿ ಯಂತ್ರವನ್ನು ನಡೆಯಿಸುವ ಮೂಲಸೂಚನೆಗಳು ಅರೆವಾಹಕದ ಸ್ಮೃತಿಯಲ್ಲಿರುತ್ತಿದ್ದವು. ವಿದ್ಯುಚ್ಛಕ್ತಿಯು ನಿಂತ ಕೂಡಲೇ ಆ ಸ್ಮೃತಿಯು ಬರಿದಾಗುತ್ತಿತ್ತು. ಆದ್ದರಿಂದ ಯಂತ್ರವನ್ನು ಪ್ರತಿಸಲ ಆರಂಭಿಸುವಾಗ ಆ ಸೂಚನೆಗಳನ್ನು ಅದಕ್ಕೆ ಹೊಸದಾಗಿ ಉಣಿಸುವದು ಅವಶ್ಯವಾಯಿತು. ಇದಲ್ಲದೆ ಸೂಚನೆಗಳಲ್ಲಿ ತಿದ್ದುಪಾಟು ಮಾಡಿದಾಗ ದೂರದ ಗ್ರಾಹಕರಿಗೆ ಅದನ್ನು ಟಪಾಲಿನಲ್ಲಿ ಕಳಿಸಲು ಬರುವಂಥ ಅಗ್ಗವೂ ಹಗುರವೂ ಆದ ಸಾಧನವೊಂದು ಬೇಕಾಗಿತ್ತು.

ಈ ಕೆಲಸವು 1967ರಲ್ಲಿ ಕ್ಯಾಲಿಫೋರ್ನಿಯಾ ಪ್ರಾಂತದ ಸ್ಯಾನ್ ಹೋಸೆ ಪಟ್ಟಣದಲ್ಲಿದ್ದ ಆ ಸಂಸ್ಥೆಯ ಪ್ರಯೋಗಶಾಲೆಗೆ ಒಪ್ಪಿಸಲ್ಪಟ್ಟಿತು. ಅಲ್ಲಿಯ ತಟ್ಟೆಯಂತ್ರಗಳ ವಿಭಾಗದ ಮೇಲ್ವಿಚಾರಕರಾಗಿದ್ದ ಅಲನ್ ಶುಗಾರ್ಟರು ಇದನ್ನು ಡೇವಿಡ್ ನೋಬಲ್ ಎಂಬ ಹಿರಿಯ ಇಂಜಿನಿಯರರಿಗೆ ವಹಿಸಿದರು. ನೋಬಲರು ಮೊದಲು ಕಾಂತಪಟ್ಟಿಯನ್ನು ಸುಧಾರಿಸಿ ನೋಡಿದರು, ಅದು ಸಫಲವಾಗಲಿಲ್ಲ. ತರುವಾಯ ತೆಳ್ಳಗಿನ ಪ್ಲಾಸ್ಟಿಕ್ ಹಾಳೆಯನ್ನು ದುಂಡಗೆ ಕತ್ತರಿಸಿ, ಅದಕ್ಕೆ ಕಬ್ಬಿಣದ ಆಕ್ಸೈಡಿನ ಲೇಪನವನ್ನು ಕೊಟ್ಟು, ತಟ್ಟೆಯಂತೆ ತಿರುಗಿಸುವ ಯುಕ್ತಿಯನ್ನು ಕೈಕೊಂಡರು. ಈ ತಟ್ಟೆಯು ಲೋಹದ ತಟ್ಟೆಯಂತೆ ಬಿಗಿಯಾಗಿರದೆ ಬಳುಕುತ್ತಿತ್ತು. ಫ್ಲಾಪಿ ಎಂಬ ಹೆಸರು ಅದಕ್ಕೆ ಬಂದುದು ಈ ಗುಣದಿಂದಲೇ.

ಆದರೆ ಒಂದು ವಿಘ್ನವು ಒದಗಿತು. ಬಯಲಾಗಿದ್ದ ತಟ್ಟೆಯ ಮೇಲೆ ಧೂಳಿಯು ಕುಳಿತು ಬರಹವನ್ನು ಕೆಡಿಸತೊಡಗಿತು. ಆಗ ಅದೇ ಪ್ರಯೋಗಶಾಲೆಯ ರಾಲ್ಫ್ ಫ್ಲೋರೆಸ್ ಮತ್ತು ಹರ್ಬರ್ಟ್ ಥಾಮ್ಸನ್ ಎಂಬವರು ತಟ್ಟೆಯನ್ನು ಒಂದು ಚೌಕಾಕಾರದ ಲಕೋಟೆಯಲ್ಲಿಟ್ಟು, ಆ ಲಕೋಟೆಯ ಒಳಮೈಗೆ ಮೆತ್ತಗಿನ ವಸ್ತ್ರವನ್ನು ಹಚ್ಚಿದರು. ತಟ್ಟೆಯು ತಿರುಗಿದಂತೆಲ್ಲ ಆ ವಸ್ತ್ರವು ಅದರ ಧೂಳನ್ನು ತಾನೇ ಒರಸಿ ತೆಗೆಯುತ್ತಿತ್ತು. ಈ ಹೊದಿಕೆಗೆ 1972ರಲ್ಲಿ ಸ್ವಾಮ್ಯಪತ್ರವು ದೊರೆಯಿತು. ಕಾಣಲಿಕ್ಕೆ ಇದು ಅಲ್ಪವಾದ ಸಂಗತಿಯು. ಆದರೆ ಫ್ಲಾಪಿಯು ಪ್ರಯೋಗಶಾಲೆಯಿಂದ ಹೊರಬಿದ್ದು ಸಾಮಾನ್ಯ ಜನರ ಕೈಯಲ್ಲಿ ಬಾಳಲು ಈ ವಸ್ತ್ರದ ಲಕೋಟೆಯೇ ಮುಖ್ಯ ಕಾರಣವಾಯಿತೆಂದು ಹೇಳಬೇಕು. ಮೊದಲನೆಯ ತಟ್ಟೆಯಂತ್ರವು 1971ರಲ್ಲಿ ಹೊರಬಂದಿತು. ತಟ್ಟೆಯ ವ್ಯಾಸವು 8 ಇಂಚು. ಅದರಲ್ಲಿ ಹಿಡಿಯುತ್ತಿದ್ದುದು ಸುಮಾರು 80 ಕಿಲೋಬೈಟು, ಅಂದರೆ 80 ಸಾವಿರಕ್ಕೆ ತುಸು ಹೆಚ್ಚು ಅಕ್ಷರಗಳು. ಗ್ರಾಹಕನು ಅದನ್ನು ಓದಬಹುದಾಗಿತ್ತೇ ಹೊರತು ಅದರ ಮೇಲೆ ಬರೆಯಲು ಬರುತ್ತಿರಲಿಲ್ಲ.

ತಟ್ಟೆಯ ರಚನೆಯು

ಮುಂದಿನ ಕಥೆಯು ತಿಳಿಯಬೇಕಾದರೆ ತಟ್ಟೆಯ ರಚನೆಯನ್ನು ಸ್ವಲ್ಪದರಲ್ಲಿ ಅರಿತುಕೊಳ್ಳುವದು ಒಳ್ಳೆಯದು. ನಮ್ಮ ಹಿರಿಯರು ಅರಿವೆಗೆ ಹುಣಸೆಬೀಜದ ಅಂಟನ್ನೂ ಇದ್ದಲಿಯ ಪುಡಿಯನ್ನೂ ಬಳಿದು ಕಡತವನ್ನು ಸಿದ್ಧಪಡಿಸಿ, ಅದರ ಮೇಲೆ ಬಳಪದಿಂದ ಬರೆಯುತ್ತಿದ್ದರಷ್ಟೆ. ಅರಿವೆಯು ಆಧಾರವು, ಲೇಪನವು ಬರಹಕ್ಕೆ ನೆಲೆಯು. ಫ್ಲಾಪಿಯಲ್ಲಿಯೂ ಇದೇ ಕ್ರಮವಿರುವದು. ಪಾಲಿಯೆಸ್ಟರಿನ ಹಾಳೆಯು ಆಧಾರವು. ಅಂಟಿನಲ್ಲಿ ಕಲಸಿ ಬಳಿದ ಕಬ್ಬಿಣದ ಆಕ್ಸೈಡಿನ ಕಣಗಳೇ ಬರಹದ ನೆಲೆಯು. ಬಳಪದ ಸ್ಥಾನದಲ್ಲಿ ಒಂದು ಸಣ್ಣ ವಿದ್ಯುತ್ಕಾಂತವಿರುವದು. ಇದಕ್ಕೆ ಹೆಡ್ ಎಂದು ಹೆಸರು. ಇದು ತಿರುಗುವ ತಟ್ಟೆಯನ್ನು ಮುಟ್ಟಿ ನಿಂತು, ಕಣಗಳನ್ನು ಒಂದು ದಿಕ್ಕಿಗೋ ಅದರ ವಿರುದ್ಧ ದಿಕ್ಕಿಗೋ ಕಾಂತಗೊಳಿಸುವದು. ಈ ದಿಕ್ಕುಗಳ ಬದಲಾವಣೆಯೇ ಅದರ ಲಿಪಿಯು. ಓದುವಾಗ ಆ ಬದಲಾವಣೆಗಳು ಹೆಡ್ಡಿನಲ್ಲಿ ಅತ್ಯಲ್ಪವಾದ ವಿದ್ಯುತ್ತನ್ನು ಹುಟ್ಟಿಸುವವು. ಯಂತ್ರವು ಅದನ್ನು ಸೊನ್ನೆ ಒಂದುಗಳಾಗಿಯೂ ಆ ಸೊನ್ನೆ ಒಂದುಗಳನ್ನು ಅಕ್ಷರಗಳಾಗಿಯೂ ಅರ್ಥಮಾಡುವದು.

ಬರಹವು ತಟ್ಟೆಯ ಮೇಲೆ ಒಂದರೊಳಗೊಂದು ಇರುವ ವೃತ್ತಗಳಲ್ಲಿ ಸಾಗುವದು. ಈ ವೃತ್ತಗಳಿಗೆ ಟ್ರ್ಯಾಕುಗಳೆಂದೂ, ಒಂದೊಂದು ವೃತ್ತವನ್ನು ತುಂಡುಮಾಡಿದ ಭಾಗಗಳಿಗೆ ಸೆಕ್ಟರುಗಳೆಂದೂ ಹೆಸರು. ಕಾಂತಪಟ್ಟಿಯಲ್ಲಿ ನಡುವಿನ ಒಂದು ವಿಷಯವು ಬೇಕಾದರೆ ಮೊದಲಿನಿಂದ ಸುತ್ತುತ್ತ ಹೋಗಬೇಕು. ಫ್ಲಾಪಿಯಲ್ಲಾದರೋ ಹೆಡ್ಡು ಬೇಕಾದ ವೃತ್ತಕ್ಕೆ ನೆಟ್ಟಗೆ ಸರಿಯುವದು. ಸುರುಳಿಯನ್ನು ಬಿಚ್ಚಿ ಓದುವದಕ್ಕೂ ಓಲೆಯ ಕಟ್ಟಿನೊಳಗಿಂದ ಬೇಕಾದ ಗರಿಯನ್ನೇ ತೆಗೆದು ಓದುವದಕ್ಕೂ ಇರುವಂಥ ಅಂತರವಿದು. ಆದರೆ ಹೆಡ್ಡು ತಟ್ಟೆಯನ್ನು ಮುಟ್ಟಿಯೇ ಓದಬೇಕಾಗಿರುವದರಿಂದ ಪ್ರತಿಯೊಂದು ಓದಿಗೂ ಲೇಪನವು ಅಷ್ಟಷ್ಟು ಸವೆಯುತ್ತಿತ್ತು. ಈ ದೋಷವು ಅದಕ್ಕೆ ಹುಟ್ಟಿನಿಂದಲೇ ಬಂದುದಾಗಿತ್ತು.

ರಂಧ್ರಪತ್ರಗಳ ಸ್ಥಾನಕ್ಕೆ ಫ್ಲಾಪಿಯು

ಶುಗಾರ್ಟರು 1969ರಲ್ಲಿ ಐಬಿಎಂ ಸಂಸ್ಥೆಯನ್ನು ಬಿಟ್ಟು ಮೆಮೊರೆಕ್ಸ್ ಎಂಬ ಕಂಪನಿಯನ್ನು ಸೇರಿದರು. ಓದಲಿಕ್ಕೂ ಬರೆಯಲಿಕ್ಕೂ ಬರುವ ಫ್ಲಾಪಿಯಂತ್ರವನ್ನು ಆ ಕಂಪನಿಯು 1972ರಲ್ಲಿ ಮಾರಾಟಕ್ಕೆ ತಂದಿತು. ಐಬಿಎಂ ಸಂಸ್ಥೆಯೂ 1973ರಲ್ಲಿ 3740 ಎಂಬ ಸಂಖ್ಯೆಯ ದತ್ತಾಂಶಲೇಖನ ಯಂತ್ರದೊಡನೆ ಬರೆಯಬಲ್ಲ ಫ್ಲಾಪಿಯನ್ನು ಹೊರಡಿಸಿತು. ಈ ಘಟನೆಯ ಮಹತ್ವವನ್ನು ತಿಳಿಯಲು ಅದರ ಹಿಂದಿನ ಪದ್ಧತಿಯನ್ನು ನೆನೆಯಬೇಕು.

ಅಲ್ಲಿಯ ವರೆಗೆ ಕಚೇರಿಗಳ ಲೆಕ್ಕಪತ್ರಗಳನ್ನು ಗಣಕಯಂತ್ರಕ್ಕೆ ತಿಳಿಸುವದು ಬಹುತರವಾಗಿ ರಂಧ್ರಪತ್ರಗಳಿಂದ ನಡೆಯುತ್ತಿತ್ತು. ದಪ್ಪ ಕಾಗದದ ಒಂದು ಪತ್ರದಲ್ಲಿ 80 ಅಕ್ಷರಗಳಿಗೆ ಮಾತ್ರ ಎಡೆಯಿತ್ತು. ಒಂದು ಅಕ್ಷರವು ತಪ್ಪಿದರೆ ಇಡಿಯ ಪತ್ರವನ್ನೇ ಮತ್ತೆ ಕೊರೆಯಬೇಕು. ಪತ್ರಗಳ ಕಟ್ಟು ಕೈಜಾರಿ ಬಿದ್ದರೆ ಕ್ರಮವು ಕೆಟ್ಟು ದಿನವೆಲ್ಲ ಹಾಳಾಗುವದು. 3740ರ ತಟ್ಟೆಯೊಂದು 2,42,944 ಅಕ್ಷರಗಳನ್ನು ಹಿಡಿಯುತ್ತಿತ್ತು. ಎಂದರೆ ಸುಮಾರು 3,000 ಪತ್ರಗಳ ಹೊರೆಯು ಒಂದು ಲಕೋಟೆಯಲ್ಲಿ ಅಡಗಿತು. ತಪ್ಪಿದ ಅಕ್ಷರವನ್ನು ಅಳಿಸಿ ಅಲ್ಲಿಯೇ ತಿದ್ದಲು ಬಂದಿತು. ಯಂತ್ರಗಳ ಹೊಟ್ಟೆಗೆ ಸೂಚನೆಯನ್ನು ಉಣಿಸಲು ಹುಟ್ಟಿದ ತಟ್ಟೆಯು ಹೀಗೆ ಮನುಷ್ಯರ ಲೇಖನಕ್ಕೆ ಆಶ್ರಯವಾಯಿತು.

ಇದೇ ಕಾಲದಲ್ಲಿ ಸಣ್ಣ ಗಣಕಯಂತ್ರಗಳು ತಲೆಯೆತ್ತುತ್ತಿದ್ದವು. ಗ್ಯಾರಿ ಕಿಲ್ಡಾಲ್ ಎಂಬ ಪಂಡಿತರು 1974ರಲ್ಲಿ ಫ್ಲಾಪಿಯಂತ್ರವೊಂದನ್ನು ಸಣ್ಣ ಗಣಕಕ್ಕೆ ಜೋಡಿಸಿ, ತಟ್ಟೆಯ ಮೇಲಿನ ಬರಹಗಳಿಗೆ ಹೆಸರಿಟ್ಟು ವಿಂಗಡಿಸುವ ಸಿಪಿ/ಎಂ ಎಂಬ ವ್ಯವಸ್ಥೆಯನ್ನು ರಚಿಸಿದರು. ಸಣ್ಣ ಯಂತ್ರಗಳಿದ್ದವರು ಅಲ್ಲಿಯ ತನಕ ಕಾಗದದ ಪಟ್ಟಿಯನ್ನೋ ಹಾಡು ಕೇಳುವ ಕ್ಯಾಸೆಟ್ಟನ್ನೋ ಅವಲಂಬಿಸಬೇಕಾಗಿತ್ತು. ಒಂದು ಚಿಕ್ಕ ಕಾರ್ಯಕ್ರಮವನ್ನು ಓದಿಸಲಿಕ್ಕೂ ಹಲವು ನಿಮಿಷಗಳು ಹಿಡಿಯುತ್ತಿದ್ದವು. ಫ್ಲಾಪಿಯಿಂದ ಅದೇ ಕೆಲಸವು ಕ್ಷಣಗಳಲ್ಲಿ ಮುಗಿಯತೊಡಗಿತು.

ಐದೂಕಾಲು ಇಂಚಿನ ತಟ್ಟೆಯು

ಎಂಟು ಇಂಚಿನ ತಟ್ಟೆಯ ಯಂತ್ರವು ಮೇಜಿನ ಮೇಲೆ ಇಡಲಿಕ್ಕೆ ದೊಡ್ಡದಾಗಿತ್ತು. ಅಲನ್ ಶುಗಾರ್ಟರು 1973ರಲ್ಲಿ ತಮ್ಮದೇ ಹೆಸರಿನ ಕಂಪನಿಯನ್ನು ಸ್ಥಾಪಿಸಿದರಾದರೂ ಮರುವರ್ಷವೇ ಅದನ್ನು ಬಿಟ್ಟು ಹೋದರು. ಉಳಿದವರು ಆ ಕಂಪನಿಯನ್ನು ನಡೆಯಿಸಿ 1976ರಲ್ಲಿ 5¼ ಇಂಚಿನ ತಟ್ಟೆಯನ್ನೂ ಅದರ ಯಂತ್ರವನ್ನೂ ಹೊರತಂದರು. ಅದರ ಧಾರಣಶಕ್ತಿಯು ಸುಮಾರು 110 ಕಿಲೋಬೈಟು.

ಈ ಚಿಕ್ಕ ತಟ್ಟೆಯು ಗಣಕಯಂತ್ರವನ್ನು ಮನೆಯೊಳಗೆ ತಂದಿತು. ಆಪಲ್ ಕಂಪನಿಯ ಸ್ಟೀವ್ ವೋಜ್ನಿಯಾಕರು 1978ರಲ್ಲಿ ಬಹಳ ಕಡಿಮೆ ಬಿಡಿಭಾಗಗಳಿಂದ ನಡೆಯುವ ಫ್ಲಾಪಿಯಂತ್ರವನ್ನು ಆಪಲ್ 2 ಗಣಕಕ್ಕಾಗಿ ರಚಿಸಿದರು. ವಿಸಿಕ್ಯಾಲ್ಕ್ ಎಂಬ ಲೆಕ್ಕದ ಹಾಳೆಯ ಕಾರ್ಯಕ್ರಮವು 1979ರಲ್ಲಿ ಇಂಥ ತಟ್ಟೆಯ ಮೇಲೆಯೇ ಮಾರಾಟಕ್ಕೆ ಬಂದು ವ್ಯಾಪಾರಸ್ಥರ ಮನಸ್ಸನ್ನು ಸೆಳೆಯಿತು. ಕಾರ್ಯಕ್ರಮವೆಂಬುದು ಯಂತ್ರದೊಡನೆ ಬರುವ ಉಪಾಂಗವಾಗಿರದೆ ಪುಸ್ತಕದಂತೆ ಅಂಗಡಿಯಲ್ಲಿ ಬಿಡಿಯಾಗಿ ಸಿಗುವ ಸರಕಾಯಿತು.

1981ನೆಯ ಇಸವಿಯ ಆಗಸ್ಟ್ ತಿಂಗಳಲ್ಲಿ ಐಬಿಎಂ ಸಂಸ್ಥೆಯ ವೈಯಕ್ತಿಕ ಗಣಕವು ಪ್ರಕಟವಾದಾಗ ಅದರ ತಟ್ಟೆಯು 160 ಕಿಲೋಬೈಟನ್ನು ಹಿಡಿಯುತ್ತಿತ್ತು. 1982ರಲ್ಲಿ ಎರಡೂ ಮಗ್ಗಲುಗಳಲ್ಲಿ ಬರೆದು 320, 1983ರಲ್ಲಿ 360 ಕಿಲೋಬೈಟು, 1984ರಲ್ಲಿ 1.2 ಮೆಗಾಬೈಟು, ಹೀಗೆ ಅದೇ ಅಳತೆಯ ತಟ್ಟೆಯಲ್ಲಿ ಬರಹವು ಇನ್ನಷ್ಟು ಒತ್ತಾಗುತ್ತ ಹೋಯಿತು. ಅಂಥ ಅನೇಕ ಗಣಕಗಳಲ್ಲಿ ಎರಡು ಫ್ಲಾಪಿಯಂತ್ರಗಳಿರುತ್ತಿದ್ದವು. ಮೊದಲನೆಯದಕ್ಕೆ ಎ ಎಂದೂ ಎರಡನೆಯದಕ್ಕೆ ಬಿ ಎಂದೂ ಹೆಸರು. ಪೆಟ್ಟಿಗೆಯೊಳಗಿನ ಗಟ್ಟಿ ತಟ್ಟೆಯು ಆ ಬಳಿಕ ಬಂದುದರಿಂದ ಅದಕ್ಕೆ ಸಿ ಎಂಬ ಅಕ್ಷರವು ದೊರೆಯಿತು. ವಿಂಡೋಸ್ ನಡೆಯುವ ಗಣಕಗಳಲ್ಲಿ ಈಗಲೂ ಎಣಿಕೆಯು ಸಿ ಅಕ್ಷರದಿಂದಲೇ ಮೊದಲಾಗುವದರ ಕಾರಣವಿದು.

ಒಂದು ವಿಷಯವನ್ನು ವಾಚಕರು ಇಲ್ಲಿಯೇ ಲಕ್ಷ್ಯದಲ್ಲಿಡಬೇಕು. ಹೊರಗಿನ ಅಳತೆಯು ಒಂದೇ ಆಗಿದ್ದರೂ ಆಪಲ್ 2 ಯಂತ್ರದಲ್ಲಿ ಬರೆದ ತಟ್ಟೆಯನ್ನು ಐಬಿಎಂ ಯಂತ್ರವು ಓದಲಾರದಾಗಿತ್ತು. ಸೊನ್ನೆ ಒಂದುಗಳನ್ನು ಕಾಂತದ ಬದಲಾವಣೆಗಳಾಗಿ ಬರೆಯುವ ಪದ್ಧತಿಯು ಅವೆರಡರಲ್ಲಿ ಬೇರೆ ಬೇರೆಯಾಗಿತ್ತು. ಒಂದೇ ಅಳತೆಯ ಓಲೆಯ ಮೇಲೆ ಎರಡು ಲಿಪಿಗಳಲ್ಲಿ ಬರೆದಂತೆ ಇದು. ಈ ಭೇದದ ಫಲವನ್ನು ಮುಂದೆ ವಿವರಿಸಲಾಗುವದು.

ಮೂರೂವರೆ ಇಂಚಿನ ತಟ್ಟೆಯು

ಐದೂಕಾಲು ಇಂಚಿನ ತಟ್ಟೆಯ ಲಕೋಟೆಯು ಮೆತ್ತಗಿದ್ದು, ಅದರಲ್ಲಿಯ ಸೀಳಿನೊಳಗಿಂದ ತಟ್ಟೆಯು ಬಯಲಿಗೆ ಕಾಣುತ್ತಿತ್ತು. ಬೆರಳು ತಗಲಿದರೆ, ಮಡಿಚಿದರೆ, ಅದರ ಮೇಲಿಟ್ಟು ಬಾಲ್ ಪೆನ್ನಿನಿಂದ ಬರೆದರೆ ಒಳಗಿನ ಲೇಖನಕ್ಕೆ ಅಪಾಯವು ತಪ್ಪದು. ಜಪಾನ ದೇಶದ ಸೋನಿ ಕಂಪನಿಯು 1981ರಲ್ಲಿ ಮಾರಾಟಕ್ಕೆ ತಂದ 3½ ಇಂಚಿನ ತಟ್ಟೆಯು ಈ ಕುಂದನ್ನು ನೀಗಿಸಿತು. ಇದರ ಕವಚವು ಗಟ್ಟಿ ಪ್ಲಾಸ್ಟಿಕಿನದು. ತಟ್ಟೆಯು ಕಾಣುವ ಕಿಂಡಿಗೆ ಸರಿಯುವ ಬಾಗಿಲೊಂದನ್ನು ಇಡಲಾಯಿತು. ಯಂತ್ರದೊಳಗೆ ಹೋದಾಗ ಮಾತ್ರ ಅದು ತೆರೆಯುವದು. ಅಂಗಿಯ ಕಿಸೆಯಲ್ಲಿ ಹಿಡಿಯುವಂತೆ ಅದರ ಆಕಾರವಿತ್ತು. ಆಪಲ್ ಕಂಪನಿಯ ಮೆಕಿಂಟೋಷ್ ಗಣಕವು 1984ರ ಜನವರಿಯಲ್ಲಿ ಇದನ್ನೇ ಸ್ವೀಕರಿಸಿ ಹೊರಬಂದಿತು. 1987ರಲ್ಲಿ ಐಬಿಎಂ ಸಂಸ್ಥೆಯ ಪಿಎಸ್/2 ಗಣಕಗಳೊಡನೆ 1.44 ಮೆಗಾಬೈಟಿನ ತಟ್ಟೆಯು ಬಂದು, ಕೊನೆಯ ವರೆಗೆ ಅದೇ ಸರ್ವಸಾಮಾನ್ಯವಾದ ಅಳತೆಯಾಗಿ ನಿಂತಿತು.

ಇದರ ಲೆಕ್ಕವು ಹೀಗಿರುವದು: ಮಗ್ಗಲುಗಳು 2, ಒಂದೊಂದು ಮಗ್ಗಲಿಗೆ 80 ಟ್ರ್ಯಾಕು, ಟ್ರ್ಯಾಕಿಗೆ 18 ಸೆಕ್ಟರು, ಸೆಕ್ಟರಿಗೆ 512 ಬೈಟು. ಗುಣಿಸಿದರೆ 14,74,560 ಬೈಟುಗಳಾಗುವವು. ಪುಟಕ್ಕೆ 2,000 ಅಕ್ಷರಗಳಂತೆ ಹಿಡಿದರೆ 700 ಪುಟಗಳ ಗ್ರಂಥವು ಅದರಲ್ಲಿ ಅಡಗುವದು. ಆ ಕಾಲದಲ್ಲಿ ಇದು ಅಲ್ಪವೆಂದು ಯಾರಿಗೂ ತೋರಲಿಲ್ಲ.

ತಟ್ಟೆಯ ಸಂಚಾರವು, ಅದರ ಗುಣದೋಷಗಳು

ಗಣಕಗಳನ್ನು ತಂತಿಯಿಂದ ಜೋಡಿಸುವ ಸೌಕರ್ಯವು ಎಲ್ಲೆಡೆಯೂ ಇರದಿದ್ದ ಕಾಲದಲ್ಲಿ ಒಂದು ಯಂತ್ರದಿಂದ ಇನ್ನೊಂದು ಯಂತ್ರಕ್ಕೆ ಬರಹವು ಹೋಗಬೇಕಾದರೆ ಮನುಷ್ಯನು ತಟ್ಟೆಯನ್ನು ಕೈಯಲ್ಲಿ ಹಿಡಿದು ನಡೆಯಬೇಕಾಗಿತ್ತು. ವಿದ್ಯಾರ್ಥಿಯು ತನ್ನ ಪ್ರಬಂಧವನ್ನು, ಗುಮಾಸ್ತನು ಪಗಾರಪತ್ರಕವನ್ನು, ಲೇಖಕನು ಗ್ರಂಥವನ್ನು ಕಿಸೆಯಲ್ಲಿಟ್ಟುಕೊಂಡು ಹೋದನು. ತಟ್ಟೆಯ ಅಂಚಿನಲ್ಲಿ ಬರಹವನ್ನು ಕಾಯುವ ಒಂದು ಗುರುತೂ ಇತ್ತು. 5¼ ಇಂಚಿನದರಲ್ಲಿ ಅಂಚಿನ ಕಚ್ಚನ್ನು ಮುಚ್ಚಿದರೆ, 3½ ಇಂಚಿನದರಲ್ಲಿ ಮೂಲೆಯ ಗುಂಡಿಯನ್ನು ಸರಿಸಿ ಕಿಂಡಿಯನ್ನು ತೆರೆದರೆ ಯಂತ್ರವು ಆ ತಟ್ಟೆಯನ್ನು ಓದುವದು ಮಾತ್ರ. ಅದರ ಮೇಲೆ ಬರೆಯಲು ಒಪ್ಪದು.

ಆದರೆ ಸಂಚಾರವಿದ್ದಲ್ಲಿ ಸಾಂಕ್ರಾಮಿಕವೂ ಉಂಟು. 1982ರಲ್ಲಿ ಅಮೇರಿಕೆಯ ಶಾಲಾಬಾಲಕನಾದ ರಿಚ್ ಸ್ಕ್ರೆಂಟಾ ಎಂಬವನು ವಿನೋದಕ್ಕಾಗಿ ರಚಿಸಿದ ಎಲ್ಕ್ ಕ್ಲೋನರ್ ಎಂಬ ಕಾರ್ಯಕ್ರಮವು ಆಪಲ್ 2 ಗಣಕಗಳಲ್ಲಿ ತಟ್ಟೆಯಿಂದ ತಟ್ಟೆಗೆ ತಾನೇ ಹಬ್ಬಿತು. 1986ರಲ್ಲಿ ಲಾಹೋರಿನ ಬಾಸಿತ್ ಮತ್ತು ಅಮ್ಜದ್ ಫಾರೂಕ್ ಆಳ್ವಿ ಎಂಬ ಸಹೋದರರು ಬರೆದ ಬ್ರೇನ್ ಎಂಬುದು ಐಬಿಎಂ ಮಾದರಿಯ ಗಣಕಗಳಲ್ಲಿ ಹಬ್ಬಿದ ಮೊದಲ ವೈರಸ್ಸೆಂದು ಹೆಸರಾಯಿತು. ತಟ್ಟೆಯ ಆರಂಭದ ಸೆಕ್ಟರಿನಲ್ಲಿ ಅಡಗಿ ಅದು ದೇಶದೇಶಗಳನ್ನು ಸುತ್ತಿತು. ಯಾರ ಕೈಯಿಂದ ಬಂದ ತಟ್ಟೆಯೆಂದು ವಿಚಾರಿಸದೆ ಯಂತ್ರದೊಳಗೆ ಹಾಕಬಾರದೆಂಬ ಎಚ್ಚರವನ್ನು ಜನರು ಆಗಲೇ ಕಲಿತರು.

ಅವಸಾನವು

ಫ್ಲಾಪಿಯ ಅವಸಾನಕ್ಕೆ ಕಾರಣವು ಅದರ ಹಿಡಿತದ ಮಿತಿಯೇ. ಗಣಕದ ಕಾರ್ಯಕ್ರಮಗಳು ವರ್ಷವರ್ಷಕ್ಕೂ ಬೆಳೆದವು, ತಟ್ಟೆಯಾದರೋ 1.44 ಮೆಗಾಬೈಟಿನಲ್ಲಿಯೇ ನಿಂತಿತು. 1995ರ ವಿಂಡೋಸ್ ವ್ಯವಸ್ಥೆಯನ್ನು ಫ್ಲಾಪಿಗಳಲ್ಲಿ ಕೊಂಡವರಿಗೆ 13 ತಟ್ಟೆಗಳು ಬರುತ್ತಿದ್ದವು. ಅವುಗಳಲ್ಲಿ ಒಂದು ಕೆಟ್ಟರೂ ಉಳಿದವು ನಿರುಪಯುಕ್ತವಾಗುತ್ತಿದ್ದವು. ಅದೇ ಕಾಲದಲ್ಲಿ 650 ಮೆಗಾಬೈಟನ್ನು ಹಿಡಿಯುವ ಸಿಡಿಯು ಅಗ್ಗವಾಯಿತು. ಒಂದು ಸಿಡಿಗೆ ಸುಮಾರು 450 ಫ್ಲಾಪಿಗಳು ಸಮ. 2000ದ ಸುಮಾರಿಗೆ ಬೆರಳಿನಷ್ಟು ಗಾತ್ರದ ಯುಎಸ್‌ಬಿ ಸಾಧನವು ಬಂದಿತು. ಅಂತರ್ಜಾಲದ ಅಂಚೆಯಂತೂ ತಟ್ಟೆಯನ್ನು ಹಿಡಿದು ನಡೆಯುವ ಅವಶ್ಯಕತೆಯನ್ನೇ ತೆಗೆದುಹಾಕಿತು.

ಆಪಲ್ ಕಂಪನಿಯು 1998ರಲ್ಲಿ ಐಮ್ಯಾಕ್ ಗಣಕವನ್ನು ಫ್ಲಾಪಿಯಂತ್ರವಿಲ್ಲದೆ ಹೊರಡಿಸಿದಾಗ ಅನೇಕರು ಆಕ್ಷೇಪಿಸಿದರು. 2003ರಲ್ಲಿ ಡೆಲ್ ಕಂಪನಿಯೂ ತನ್ನ ಕೆಲವು ಗಣಕಗಳಲ್ಲಿ ಅದನ್ನು ಕಡ್ಡಾಯವಾಗಿ ಕೂಡಿಸುವದನ್ನು ಬಿಟ್ಟಿತು. ಮೂರೂವರೆ ಇಂಚಿನ ತಟ್ಟೆಯ ಜನಕನಾದ ಸೋನಿ ಕಂಪನಿಯು ಜಪಾನದಲ್ಲಿ ಅದರ ಮಾರಾಟವನ್ನು 2011ರ ಮಾರ್ಚ್ ತಿಂಗಳಿಗೆ ಮುಗಿಸುವದಾಗಿ 2010ರಲ್ಲಿ ಸಾರಿತು.

ಆದರೂ ಬೇರೂರಿದ ಸಾಧನವು ಒಮ್ಮೆಲೇ ಅಳಿಯುವದಿಲ್ಲ. ಅಮೇರಿಕೆಯ ಅಣ್ವಸ್ತ್ರಪಡೆಗಳಿಗೆ ಸಂದೇಶವನ್ನು ಮುಟ್ಟಿಸುವ ವ್ಯವಸ್ಥೆಯೊಂದು 8 ಇಂಚಿನ ಫ್ಲಾಪಿಗಳನ್ನು ಇನ್ನೂ ಬಳಸುತ್ತಿರುವದೆಂದು ಆ ಸರಕಾರದ ಲೆಕ್ಕಪರೀಕ್ಷಕ ಸಂಸ್ಥೆಯು 2016ರಲ್ಲಿ ವರದಿ ಮಾಡಿತು; 2019ರಲ್ಲಿ ಆ ಫ್ಲಾಪಿಗಳನ್ನು ತೆಗೆಯಲಾಯಿತು. ಜಪಾನದ ಸರಕಾರಿ ಕಚೇರಿಗಳಲ್ಲಿ ಫ್ಲಾಪಿ ಮೊದಲಾದ ಹಳೆಯ ಸಾಧನಗಳಲ್ಲಿಯೇ ಕಾಗದಪತ್ರಗಳನ್ನು ಸಲ್ಲಿಸಬೇಕೆಂಬ ಅರ್ಥದ 1,034 ನಿಯಮಗಳಿದ್ದವು. ಒಂದರ ಹೊರತು ಅವೆಲ್ಲವೂ 2024ರ ಜೂನ್ ತಿಂಗಳ ಹೊತ್ತಿಗೆ ರದ್ದಾದವು.

ಓದುವ ಪ್ರಶ್ನೆಯು

ಇಲ್ಲಿಗೆ ಫ್ಲಾಪಿಯ ಚರಿತ್ರೆಯು ಮುಗಿದಂತೆ ತೋರುವದು. ಆದರೆ ನಿಜವಾದ ಪ್ರಶ್ನೆಯು ಇಲ್ಲಿಂದಲೇ ಆರಂಭವಾಗುವದು. ತಟ್ಟೆಗಳ ಬಳಕೆಯು ನಿಂತಿತು ಸರಿ. ಅವುಗಳ ಮೇಲೆ ಬರೆದ ಲೇಖನಗಳ ಗತಿಯೇನು?

ತಾಡವೋಲೆಯೊಂದನ್ನು ಅಟ್ಟದ ಮೇಲಿಂದ ಇಳಿಸಿದವನಿಗೆ ಬೇಕಾದುದು ಬೆಳಕು, ಕಣ್ಣು, ಲಿಪಿಯ ಜ್ಞಾನ ಇವಿಷ್ಟೇ. ಒಂದು ಗರಿಯ ಅಂಚನ್ನು ಹುಳು ತಿಂದಿದ್ದರೂ ಉಳಿದ ಸಾಲುಗಳು ಉಳಿದೇ ಇರುವವು. ಫ್ಲಾಪಿಯ ಸ್ಥಿತಿಯು ಹಾಗಲ್ಲ. ಅದನ್ನು ಓದಲಿಕ್ಕೆ ಮೂರು ವಸ್ತುಗಳು ಏಕಕಾಲಕ್ಕೆ ಕೂಡಿ ಬರಬೇಕು. ಮೊದಲನೆಯದು, ಕೆಡದೆ ಉಳಿದ ತಟ್ಟೆಯು. ಎರಡನೆಯದು, ಆ ಅಳತೆಯ ಮತ್ತು ಆ ಪದ್ಧತಿಯ ಓದುವ ಯಂತ್ರವು. ಮೂರನೆಯದು, ಓದಿ ತೆಗೆದ ಸೊನ್ನೆ ಒಂದುಗಳನ್ನು ಅಕ್ಷರವಾಗಿಯೋ ಚಿತ್ರವಾಗಿಯೋ ತಿಳಿಯಲು ಬೇಕಾದ ಸಂಕೇತದ ಕೀಲಿಯು. ಈ ಮೂರರಲ್ಲಿ ಒಂದು ಇಲ್ಲದಿದ್ದರೂ ಲೇಖನವು ಇದ್ದೂ ಇಲ್ಲದಂತೆಯೇ ಸರಿ.

ಎರಡು ದೃಷ್ಟಾಂತಗಳಿಂದ ಇದು ಸ್ಪಷ್ಟವಾಗುವದು. ಪ್ರಿನ್ಸ್ ಆಫ್ ಪರ್ಷಿಯಾ ಎಂಬ ಗಣಕದ ಆಟವನ್ನು ಜಾರ್ಡನ್ ಮೆಕ್ನರ್ ಎಂಬವರು ರಚಿಸಿದ್ದು, ಅದು 1989ರಲ್ಲಿ ಪ್ರಕಟವಾಯಿತು. ಅದರ ಮೂಲಲೇಖನವು ಕಳೆದುಹೋಯಿತೆಂದೇ ಅವರು ತಿಳಿದಿದ್ದರು. 2012ರಲ್ಲಿ ಅವರ ತಂದೆಯವರು ಮನೆಯಲ್ಲಿ ಸಿಕ್ಕ ಹಳೆಯ ವಸ್ತುಗಳ ಪೆಟ್ಟಿಗೆಯೊಂದನ್ನು ಕಳಿಸಿದಾಗ ಅದರಲ್ಲಿ ಆ ಫ್ಲಾಪಿಗಳು ದೊರೆತವು. ಹಳೆಯ ಯಂತ್ರಗಳನ್ನು ಇಟ್ಟುಕೊಂಡಿದ್ದ ಬಲ್ಲವರು ನೆರವಾದುದರಿಂದ ಅದರಲ್ಲಿಯ ಬರಹವನ್ನು ಹೊರತೆಗೆಯಲು ಸಾಧ್ಯವಾಯಿತು. ತಟ್ಟೆಯು ಸಿಕ್ಕರೆ ಸಾಲದು, ಯಂತ್ರವೂ ಅದನ್ನು ನಡೆಯಿಸಬಲ್ಲವರೂ ಬೇಕೆಂಬುದನ್ನು ಇದು ತೋರಿಸುವದು.

ಎರಡನೆಯ ದೃಷ್ಟಾಂತವು ಚಿತ್ರಕಾರರಾದ ಆಂಡಿ ವಾರ್ಹೊಲರದು. ಅವರು 1985ರಲ್ಲಿ ಅಮಿಗಾ ಎಂಬ ಗಣಕದ ಮೇಲೆ ಕೆಲವು ಚಿತ್ರಗಳನ್ನು ಬರೆದರು. ಆ ಫ್ಲಾಪಿಗಳು ಪಿಟ್ಸ್‌ಬರ್ಗ್ ಪಟ್ಟಣದಲ್ಲಿರುವ ಅವರ ಹೆಸರಿನ ವಸ್ತುಸಂಗ್ರಹಾಲಯದಲ್ಲಿ ಭದ್ರವಾಗಿದ್ದವು. ಆದರೆ ಅವುಗಳೊಳಗಿನ ಚಿತ್ರಗಳನ್ನು ನೋಡುವ ಉಪಾಯವಿರಲಿಲ್ಲ. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಗಣಕಸಂಘದವರು ತಟ್ಟೆಯ ಮೇಲಿನ ಕಾಂತದ ಬದಲಾವಣೆಗಳನ್ನು ವಿಶೇಷ ಸಾಧನದಿಂದ ಎತ್ತಿಕೊಂಡರು. ಆಗಲೂ ಕೆಲಸವು ಮುಗಿಯಲಿಲ್ಲ. ಚಿತ್ರಗಳು ಯಾರಿಗೂ ಪರಿಚಯವಿಲ್ಲದ ಸಂಕೇತದಲ್ಲಿದ್ದವು. ಆ ಸಂಕೇತವನ್ನು ಬಿಡಿಸಿದ ಮೇಲೆಯೇ 2014ರಲ್ಲಿ ಚಿತ್ರಗಳು ಲೋಕಕ್ಕೆ ಕಾಣಿಸಿದವು. ಬರೆದು 30 ವರ್ಷಗಳೂ ತುಂಬಿರಲಿಲ್ಲ. ಅಷ್ಟರಲ್ಲಿಯೇ ಒಬ್ಬ ಪ್ರಸಿದ್ಧ ಪುರುಷನ ಕೃತಿಯನ್ನು ಹಳೆಯ ಶಾಸನದಂತೆ ಶೋಧಿಸಿ ಓದಬೇಕಾಯಿತು. ಪ್ರಸಿದ್ಧರ ಬರಹಕ್ಕೆ ಶೋಧಕರು ದೊರೆತರು. ಸಾಮಾನ್ಯರ ತಟ್ಟೆಗಳನ್ನು ಕೇಳುವವರಾರು?

ಕನ್ನಡದ ಲೇಖನಗಳ ವಿಷಯವು

ಈ ಪ್ರಶ್ನೆಯು ದೂರದೇಶದ ಪ್ರಶ್ನೆಯೆಂದು ವಾಚಕರು ತಿಳಿಯಬಾರದು. ಕಳೆದ ಶತಮಾನದ ಕೊನೆಯಲ್ಲಿ ನಮ್ಮ ನಾಡಿನ ಮುದ್ರಣಾಲಯಗಳು ಮೊಳೆಯ ಜೋಡಣೆಯನ್ನು ಬಿಟ್ಟು ಗಣಕದ ಅಕ್ಷರಜೋಡಣೆಗೆ ತಿರುಗಿದವು. ಪುಸ್ತಕಗಳು, ಸಂಚಿಕೆಗಳು, ಆಮಂತ್ರಣಪತ್ರಗಳು ಫ್ಲಾಪಿಗಳಲ್ಲಿ ಸಂಚರಿಸಿದವು. ಕನ್ನಡದ ಬರಹಕ್ಕೆ ಮೂರನೆಯ ಕೀಲಿಯ ಕಷ್ಟವು ಹೆಚ್ಚಾಗಿಯೇ ಇರುವದು. ಇಂಗ್ಲಿಷ್ ಅಕ್ಷರಗಳಿಗೆ ಬಹುಕಾಲದಿಂದ ಒಂದು ಸರ್ವಸಮ್ಮತವಾದ ಸಂಕೇತವಿತ್ತು. ಕನ್ನಡದಲ್ಲಾದರೋ ತಂತ್ರಾಂಶವನ್ನು ರಚಿಸಿದವರು ತಮತಮಗೆ ಅನುಕೂಲವಾದಂತೆ ಅಕ್ಷರಭಾಗಗಳಿಗೆ ಸಂಖ್ಯೆಗಳನ್ನು ಹಂಚಿಕೊಂಡರು. ಶ್ರೀಲಿಪಿಯಲ್ಲಿ ಜೋಡಿಸಿದ ಲೇಖನವನ್ನು 1998ರಲ್ಲಿ ಬಂದ ಬರಹ ತಂತ್ರಾಂಶದ ಅಕ್ಷರಗಳಲ್ಲಿ ತೆರೆದರೆ ಅರ್ಥವಿಲ್ಲದ ಚಿಹ್ನೆಗಳ ಸಾಲು ಕಾಣುತ್ತಿತ್ತು.

ಈ ಗೊಂದಲಕ್ಕೆ ಪರಿಹಾರವಾಗಿ ಭಾರತೀಯ ಲಿಪಿಗಳಿಗೆಲ್ಲ ಇಸ್ಕಿ ಎಂಬ ಸಂಕೇತವು 1991ರಲ್ಲಿ ಭಾರತೀಯ ಮಾನಕವಾಗಿ ಅಂಗೀಕೃತವಾಯಿತು. ಜಗತ್ತಿನ ಲಿಪಿಗಳನ್ನೆಲ್ಲ ಒಂದೇ ಪಟ್ಟಿಯಲ್ಲಿ ಸೇರಿಸುವ ಯುನಿಕೋಡ್ ಎಂಬ ಸಂಕೇತದ ಮೊದಲನೆಯ ಆವೃತ್ತಿಯೂ ಅದೇ ವರ್ಷ ಪ್ರಕಟವಾಗಿ, ಅದರಲ್ಲಿ ಕನ್ನಡಕ್ಕೂ ಸ್ಥಾನವು ದೊರೆಯಿತು. ಆದರೆ ಪಟ್ಟಿಯಲ್ಲಿ ಸ್ಥಾನ ದೊರೆತ ಮಾತ್ರಕ್ಕೆ ಬಳಕೆಯು ಬರಲಿಲ್ಲ. 2001ರಲ್ಲಿ ವಿಂಡೋಸ್ ಎಕ್ಸ್‌ಪಿಯೊಡನೆ ತುಂಗಾ ಎಂಬ ಯುನಿಕೋಡ್ ಕನ್ನಡ ಅಕ್ಷರಗಳು ಬಂದ ತರುವಾಯವೇ ಅದು ಕ್ರಮವಾಗಿ ಹಬ್ಬಿತು. ಆ ವೇಳೆಗೆ ಫ್ಲಾಪಿಯು ತನ್ನ ಕೊನೆಯ ದಿನಗಳನ್ನು ಕಾಣುತ್ತಿತ್ತು. ಆದಕಾರಣ ಫ್ಲಾಪಿಗಳಲ್ಲಿ ಉಳಿದಿರುವ ಕನ್ನಡದ ಬಹುಭಾಗವು ಹಳೆಯ, ಬೇರೆಬೇರೆಯಾದ ಸಂಕೇತಗಳಲ್ಲಿಯೇ ಇರುವದು ಸಹಜ. ಅಂಥ ತಟ್ಟೆಯನ್ನು ಯಂತ್ರವು ಓದಿದರೂ ಸಂಕೇತವನ್ನು ಪರಿವರ್ತಿಸದೆ ಅದು ಕನ್ನಡವಾಗಿ ಕಾಣದು.

ನಮ್ಮ ಹವೆಯೂ ತಟ್ಟೆಗಳಿಗೆ ಅನುಕೂಲವಾದುದಲ್ಲ. ಮಳೆಗಾಲದ ತೇವದಿಂದ ಲೇಪನದ ಅಂಟು ಸಡಲುವದು. ತಟ್ಟೆಯ ಮೇಲೆ ಬೂಷ್ಟು ಹಿಡಿಯುವದು. ಬೂಷ್ಟು ಹಿಡಿದ ತಟ್ಟೆಯನ್ನು ಹಾಗೆಯೇ ಯಂತ್ರದಲ್ಲಿ ಹಾಕಿದರೆ ಲೇಪನವು ಕೆರೆದುಹೋಗುವದಲ್ಲದೆ, ಹೆಡ್ಡು ಹೊಲಸಾಗಿ ಅದರ ಬೆನ್ನಹಿಂದೆ ಹಾಕಿದ ಒಳ್ಳೆಯ ತಟ್ಟೆಗಳೂ ಕೆಡುವವು.

ಕರ್ತವ್ಯದ ವಿಚಾರವು

ಆದ್ದರಿಂದ ಸಂಸ್ಥೆಗಳ ಕಪಾಟುಗಳಲ್ಲಿಯೂ ಹಿರಿಯರ ಪೆಟ್ಟಿಗೆಗಳಲ್ಲಿಯೂ ಇಂಥ ತಟ್ಟೆಗಳು ಸಿಕ್ಕರೆ ಅವುಗಳನ್ನು ಕಸವೆಂದು ಎಸೆಯದೆ, ಈ ಕೆಲವು ಕ್ರಮಗಳನ್ನು ಅನುಸರಿಸುವದು ಯೋಗ್ಯವು. ತಟ್ಟೆಯ ಮೇಲಿನ ಚೀಟಿಯಲ್ಲಿ ಬರೆದುದನ್ನು ಮೊದಲು ಒಂದು ವಹಿಯಲ್ಲಿ ದಾಖಲಿಸಬೇಕು. ಯಾವ ವರ್ಷದ್ದು, ಯಾವ ತಂತ್ರಾಂಶದ್ದು ಎಂಬುದನ್ನು ಬಲ್ಲ ಹಿರಿಯರಿದ್ದರೆ ಅವರಿರುವಾಗಲೇ ಕೇಳಿ ಬರೆದುಕೊಳ್ಳಬೇಕು. ತಟ್ಟೆಯ ಮೇಲೆ ಹೊಸದಾಗಿ ಏನೂ ಬರೆಯದಂತೆ ಅಂಚಿನ ಗುರುತನ್ನು ಭದ್ರಪಡಿಸಬೇಕು. ಮೂರೂವರೆ ಇಂಚಿನವನ್ನು ಯುಎಸ್‌ಬಿಗೆ ಜೋಡಿಸುವ ಸಣ್ಣ ಯಂತ್ರದಿಂದ ಬಹುಮಟ್ಟಿಗೆ ಓದಬಹುದು. ಐದೂಕಾಲು ಇಂಚಿನವಕ್ಕೂ ಬೂಷ್ಟು ಹಿಡಿದವಕ್ಕೂ ಬಲ್ಲವರ ಸಹಾಯವು ಬೇಕು. ಬಿಡಿಬಿಡಿ ಲೇಖನಗಳನ್ನು ಆರಿಸದೆ ಇಡಿಯ ತಟ್ಟೆಯ ಪ್ರತಿಯನ್ನೇ ಒಮ್ಮೆಗೆ ತೆಗೆದು, ಅದನ್ನು ಎರಡು ಮೂರು ಸ್ಥಳಗಳಲ್ಲಿಟ್ಟು, ತರುವಾಯ ಯುನಿಕೋಡಿಗೆ ಪರಿವರ್ತಿಸಿ, ಹಳೆಯ ಮುದ್ರಿತ ಪುಸ್ತಕವಿದ್ದರೆ ಅದರೊಡನೆ ಅಕ್ಷರಶಃ ತಾಳೆನೋಡಬೇಕು. ಪರಿವರ್ತನೆಯಲ್ಲಿ ಒತ್ತಕ್ಷರಗಳು ತಪ್ಪುವ ಸಂಭವವುಂಟು.

ಉಪಸಂಹಾರ

ತಾಡವೋಲೆಯ ಗ್ರಂಥಗಳು ನಮ್ಮ ವರೆಗೆ ಬಂದುದು ಓಲೆಯು ಗಟ್ಟಿಯಾಗಿದ್ದುದರಿಂದ ಮಾತ್ರವೇ ಅಲ್ಲ. ಒಂದು ಪ್ರತಿಯು ಜೀರ್ಣವಾಗುವ ಮೊದಲು ಯಾರೋ ಒಬ್ಬ ಲಿಪಿಕಾರನು ದೀಪದ ಮುಂದೆ ಕುಳಿತು ಇನ್ನೊಂದು ಪ್ರತಿಯನ್ನು ಮಾಡಿಟ್ಟನು. ಆ ಲಿಪಿಕಾರರಲ್ಲಿ ಅನೇಕರ ಹೆಸರು ಕೂಡ ನಮಗೆ ತಿಳಿಯದು. ಅವರ ಶ್ರಮವು ನಿಂತಲ್ಲಿ ಗ್ರಂಥವೂ ನಿಂತುಹೋಯಿತು. ಫ್ಲಾಪಿಯ ಕಥೆಯು ಇದೇ ಧರ್ಮವನ್ನು ಹೊಸ ಕಾಲದಲ್ಲಿ ಮತ್ತೊಮ್ಮೆ ಕಾಣಿಸಿಕೊಡುವದು. 8 ಇಂಚಿನಿಂದ 5¼ಕ್ಕೆ, ಅಲ್ಲಿಂದ 3½ಕ್ಕೆ, ಅಲ್ಲಿಂದ ಮುಂದಿನ ಸಾಧನಗಳಿಗೆ ಸಕಾಲದಲ್ಲಿ ಪ್ರತಿಮಾಡಿದ ಬರಹಗಳು ಉಳಿದಿರುವವು. ಸಾಧನವನ್ನು ನಂಬಿ ಬಿಟ್ಟವು ಮೂಕವಾಗಿ ಕುಳಿತಿರುವವು.

ಇಂದು ನಾವು ಕಿಸೆಯ ಯಂತ್ರಗಳಲ್ಲಿಯೂ ದೂರದ ಸಂಗ್ರಹಗಳಲ್ಲಿಯೂ ನಿಶ್ಚಿಂತೆಯಿಂದ ಇಡುತ್ತಿರುವ ಲೇಖನ, ಚಿತ್ರ, ಧ್ವನಿಗಳಿಗೂ ಈ ಮೂರು ಷರತ್ತುಗಳು ತಪ್ಪಿದವಲ್ಲ: ವಸ್ತುವು ಇರಬೇಕು, ಓದುವ ಯಂತ್ರವು ಇರಬೇಕು, ಸಂಕೇತದ ಕೀಲಿಯು ಇರಬೇಕು. ಇವುಗಳನ್ನು ಕಾಯುವ ಭಾರವನ್ನು ಯಂತ್ರವು ಹೊರಲಾರದು; ಅದು ಪ್ರತಿಯೊಂದು ತಲೆಮಾರಿನ ಮನುಷ್ಯರದು. ಹಿರಿಯರು ಬರೆದಿಟ್ಟುದನ್ನು ಓದುವದು ಎಷ್ಟು ಪುಣ್ಯಕರವೋ, ಅದನ್ನು ಮುಂದಿನವರು ಓದಬಲ್ಲಂತೆ ಪ್ರತಿಮಾಡಿಡುವದೂ ಅಷ್ಟೇ ಪುಣ್ಯಕರವಾದ ಕಾರ್ಯವು. ಆ ಕಾರ್ಯವನ್ನು ಮಳೆಗಾಲವು ಇನ್ನೊಂದು ಸಲ ಬರುವ ಮೊದಲೇ ಆರಂಭಿಸುವದು ಒಳ್ಳೆಯದು.